ಫ್ಯಾಂಟಸಿ ಸ್ಟ್ರಾಟಜಿ ಗೇಮ್‌ಗಳಲ್ಲಿ ಸೈ-ಫೈ ಬೆರಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರ್ಯಾಗನ್ ಓಡಾಡುವ ಮ್ಯಾಪ್‌ಗೆ ಲೇಸರ್ ತಂದರೆ ಕೆಲವರು ಕುಣಿದಾಡುತ್ತಾರೆ, ಕೆಲವರು ಉರಿದು ಬೀಳುತ್ತಾರೆ. ಇಬ್ಬರೂ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಆಡುವವರು, ಮಾಡ್ (ಇರುವ ಗೇಮ್‌ಗೆ ಅಭಿಮಾನಿಗಳು ಮಾಡುವ ಮಾರ್ಪಾಡು) ಮಾಡುವವರು, ಸ್ವಂತ ಗೇಮ್ ಕಟ್ಟಲು ಹೊರಟವರು, ಎಲ್ಲರಿಗೂ ಉಪಯೋಗ ಆಗಲಿ ಅಂತ ಉತ್ತರಗಳನ್ನು ಒಟ್ಟಿಗೆ ಹಾಕಿದ್ದೇನೆ. ಇದರಲ್ಲಿ ನನ್ನ ಇಷ್ಟಾನಿಷ್ಟವೂ ಸಾಕಷ್ಟು ಸೇರಿಕೊಂಡಿದೆ.

ಸೈ-ಫೈ ಬೆರಕೆ ಅಂದರೆ ಏನೇನು ಸೇರುತ್ತೆ? ಒಂದು ಕೋವಿ ಇದ್ದರೆ ಸಾಕಾ?

ಬರೀ ಕೋವಿ, ಫಿರಂಗಿ ಇದ್ದರೆ ಅದನ್ನು ಸೈ-ಫೈ ಅನ್ನೋದು ಸ್ವಲ್ಪ ಜಾಸ್ತಿ ಆಯಿತು. ಮದ್ದುಗುಂಡು ಫ್ಯಾಂಟಸಿಗೆ ಒಗ್ಗಿಹೋಗಿ ದಶಕಗಳೇ ಆದವು. ನಾವು ಮಾತಾಡುತ್ತಿರುವುದು ಆ ಲೋಕದ ಜನ ತಾವೇ ಮಾಡಲಾಗದ ಯಂತ್ರಗಳ ಬಗ್ಗೆ. ಕೆಡೆದು ಬಿದ್ದ ಆಕಾಶನೌಕೆ, ಹಿಂದೆ ಯಾರೋ ಬಿಟ್ಟುಹೋದ ರೋಬೋ, ಕಿರಣ ಹಾರಿಸುವ ಬ್ಲಾಸ್ಟರ್, ಅರ್ಧ ಯಂತ್ರವಾದ ಸೈಬೋರ್ಗ್ ಸೈನಿಕ, ಕ್ಷಣದಲ್ಲಿ ಬೇರೆ ಜಾಗಕ್ಕೆ ಸಾಗಿಸುವ ಟೆಲಿಪೋರ್ಟರ್, ಇಂಥವು. ಉಗಿಯಂತ್ರದ ಸ್ಟೀಮ್‌ಪಂಕ್ ಗಡಿಯ ಮೇಲೆ ಕೂತಿದೆ. ಅದನ್ನೂ ಒಳಗೆ ಸೇರಿಸಿಕೊಂಡಿದ್ದೇನೆ, ಏಕೆಂದರೆ ಜಗಳ ಶುರುವಾಗುವುದೇ ಅಲ್ಲಿಂದ.

ಇದು ಈಚೆಗೆ ಹುಟ್ಟಿಕೊಂಡ ಹುಚ್ಚಾ?

ಅಲ್ಲ. ಎರಡರ ನಡುವೆ ಬೇಲಿ ಹಾಕಿದ್ದೇ ಈಚೆಗೆ. 1980ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನಾಟಕ್ಕೆ ಒಂದು ಸಾಹಸ ಬರೆದರು. ಅದರಲ್ಲಿ ವೀರರು ಇಳಿಯುವ ಗುಹೆ ಗುಹೆಯೇ ಅಲ್ಲ, ಬಿದ್ದುಹೋದ ಆಕಾಶನೌಕೆ. 1981ರ ಅಲ್ಟಿಮಾದಲ್ಲಿ ಕತ್ತಿ ಹಿಡಿದು ಹೊರಟವನು ನಡುವೆ ನೌಕೆ ಹತ್ತಿ ಬಾಹ್ಯಾಕಾಶದಲ್ಲಿ ಕಾದಾಡಿ, ಕೊನೆಗೆ ಕಾಲಯಂತ್ರ ಹುಡುಕಬೇಕಿತ್ತು. 1986ರ ಮೊದಲ ಮೈಟ್ ಅಂಡ್ ಮ್ಯಾಜಿಕ್‌ನಲ್ಲಿ ಆಟಗಾರ ಸುತ್ತಿದ ಇಡೀ ಲೋಕವೇ ಯಾರೋ ಕಟ್ಟಿದ ನೌಕೆಯ ಒಂದು ಭಾಗ. ಆಗ ಯಾರೂ 'ಇದು ಯಾವ ಜಾತಿಯ ಗೇಮ್' ಅಂತ ಕೇಳುತ್ತಿರಲಿಲ್ಲ.

ಸ್ಟ್ರಾಟಜಿಯ ಕಡೆ ಬಂದರೆ, 1995ರ ವಾರ್‌ಕ್ರಾಫ್ಟ್ 2ರಲ್ಲಿ ನೋಮ್‌ಗಳ ಸಬ್‌ಮರೀನ್, ಹಾರುವ ಯಂತ್ರ ಎರಡೂ ಇದ್ದವು. ಯಾರೂ ಗೊಣಗಲಿಲ್ಲ. ಆ ಗೇಮ್‌ನ ಧಾಟಿಯೇ ತಮಾಷೆಯದು. ಯೂನಿಟ್ ಮೇಲೆ ಸುಮ್ನೆ ಕ್ಲಿಕ್ ಮಾಡುತ್ತಾ ಹೋದರೆ ಅದು ಸಿಡಿಮಿಡಿಗೊಂಡು ಬೈಯುತ್ತಿತ್ತು. ನಗಿಸುವ ಲೋಕದಲ್ಲಿ ಸಬ್‌ಮರೀನ್‌ಗೆ ಯಾರು ಕಾರಣ ಕೇಳುತ್ತಾರೆ?

ಹೀರೋಸ್ 3ರ 'ಫೋರ್ಜ್' ಗಲಾಟೆ ಅಂತಾರಲ್ಲ, ಏನದು?

ಈ ವಿಷಯದಲ್ಲಿ ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಎರಡು ಸರಣಿಗಳನ್ನು ಒಟ್ಟಿಗೆ ನಡೆಸುತ್ತಿತ್ತು. ಒಂದು ಮೈಟ್ ಅಂಡ್ ಮ್ಯಾಜಿಕ್ ಎಂಬ ಆರ್‌ಪಿಜಿ (ಪಾತ್ರವಾಗಿ ಆಡುವ ಗೇಮ್), ಇನ್ನೊಂದು ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ ಎಂಬ ಸ್ಟ್ರಾಟಜಿ ಗೇಮ್. ಎರಡರದ್ದೂ ಒಂದೇ ಲೋಕ. ಆರ್‌ಪಿಜಿ ಆಡಿದವರಿಗೆ ಆ ಲೋಕದ ಹಿಂದೆ ಆಕಾಶದ ಜನರಿದ್ದಾರೆ ಅನ್ನೋದು ಮೊದಲಿನಿಂದ ಗೊತ್ತು. 1998ರ ಮೈಟ್ ಅಂಡ್ ಮ್ಯಾಜಿಕ್ 6ರ ಕೊನೆಯ ಭಾಗದಲ್ಲಿ ಕೈಗೆ ಬ್ಲಾಸ್ಟರ್ ಬರುತ್ತದೆ. 1999ರ ಏಳನೇ ಆಟಕ್ಕೆ ಎರಡು ಮುಕ್ತಾಯ. ಅದರಲ್ಲಿ ಕೆಟ್ಟವರು ಗೆಲ್ಲುವ ಮುಕ್ತಾಯದಲ್ಲಿ ಹಳೆಯ ಕಾಲದ ಆಯುಧ ತಯಾರಿಸುವ ಯಂತ್ರ ಅವರ ಪಾಲಾಗುತ್ತದೆ. ಆ ಎಳೆಯನ್ನೇ ಹಿಡಿದು ಹೀರೋಸ್ 3ರ ಮೊದಲ ಎಕ್ಸ್‌ಪಾನ್ಷನ್ (ಮೂಲ ಗೇಮ್‌ಗೆ ಸೇರಿಸುವ ಹೆಚ್ಚುವರಿ ಭಾಗ) ಆದ ಆರ್ಮಗೆಡ್ಡನ್ಸ್ ಬ್ಲೇಡ್‌ಗೆ 'ಫೋರ್ಜ್' ಎಂಬ ಹೊಸ ಪಟ್ಟಣ ತರುವ ಯೋಜನೆ ಹಾಕಿದರು. ಫ್ಯಾಂಟಸಿ ಪ್ರಾಣಿಗಳಿಗೆ ಯಂತ್ರದ ಅಂಗ, ಆಧುನಿಕ ಆಯುಧ ಜೋಡಿಸಿದ ಸೈನ್ಯ.

ಸುದ್ದಿ ಹೊರಬಿದ್ದದ್ದೇ ತಡ, ಹೀರೋಸ್ ಅಭಿಮಾನಿಗಳು ತಿರುಗಿಬಿದ್ದರು. ಗೇಮ್ ಕೊಳ್ಳೋದೇ ಇಲ್ಲ ಅನ್ನುವ ಮಟ್ಟಕ್ಕೆ ಹೋಯಿತು. ಕೊನೆಗೆ ಫೋರ್ಜ್ ಕೈಬಿಟ್ಟು, ಗಾಳಿ, ನೀರು, ಬೆಂಕಿ, ಮಣ್ಣಿನಂಥ ಜೀವಿಗಳಿರುವ ಕಾನ್‌ಫ್ಲಕ್ಸ್ ಪಟ್ಟಣ ಹಾಕಿ 1999ರಲ್ಲೇ ಎಕ್ಸ್‌ಪಾನ್ಷನ್ ಬಿಡುಗಡೆ ಮಾಡಿದರು.

ಇದರಲ್ಲಿ ಒಂದು ಮಜಾ ಇದೆ. ಹೀರೋಸ್ 3ರ ಇನ್‌ಫರ್ನೋ ಪಟ್ಟಣದ ಡೆವಿಲ್‌ಗಳು ಕಥೆಯ ಪ್ರಕಾರ ಕ್ರೀಗನ್‌ಗಳು. ಉಲ್ಕೆಗಳ ಹಾಗೆ ಆಕಾಶದಿಂದ ಉದುರಿ ಬಂದ ಏಲಿಯನ್‌ಗಳು. ಅಂದರೆ 'ನಮ್ಮ ಗೇಮ್‌ಗೆ ಸೈ-ಫೈ ಬೇಡ' ಅಂತ ಕೂಗಿದವರಲ್ಲಿ ಎಷ್ಟೋ ಜನ ಅದಾಗಲೇ ಏಲಿಯನ್ ಸೈನ್ಯ ಕಟ್ಟಿಕೊಂಡು ಆಡುತ್ತಿದ್ದರು!

ಹಾಗಾದರೆ ತಪ್ಪು ಅಭಿಮಾನಿಗಳದ್ದು ತಾನೇ?

ನನಗೆ ಹಾಗನ್ನಿಸುವುದಿಲ್ಲ. ಹೀರೋಸ್ 3 ಮಾತ್ರ ಆಡಿದವನಿಗೆ ಕಂಡದ್ದು ಕೊಂಬು, ಬೆಂಕಿ, ನರಕ. ಏಲಿಯನ್ ಅನ್ನುವ ವಿಷಯ ಇನ್ನೊಂದು ಗೇಮ್‌ನ ಕಥೆಯಲ್ಲಿ ಉಳಿದುಬಿಟ್ಟಿತ್ತು. ಯಾವ ಸುಳಿವೂ ಕೊಡದೆ ಒಂದು ದಿನ ಸೈಬೋರ್ಗ್ ತಂದು ನಿಲ್ಲಿಸಿದರೆ ಆತ ಬೆಚ್ಚಿಬೀಳದೆ ಇನ್ನೇನು ಮಾಡುತ್ತಾನೆ? ಕಥೆ ಬರೆದವರ ಕಡತದಲ್ಲಿ ಕಾರಣ ಇದ್ದರೆ ಸಾಲದು, ಆಡುವವನು ಆಡುತ್ತಿರುವ ಅದೇ ಮ್ಯಾಪ್ ಮೇಲೆ ಅದು ಕಾಣಬೇಕು.

ಇದಕ್ಕೆ ಪುರಾವೆ ಆಮೇಲೆ ಅದೇ ಗೇಮ್‌ನಲ್ಲಿ ಸಿಕ್ಕಿತು. ಅಭಿಮಾನಿಗಳೇ ಕಟ್ಟಿ ಬೆಳೆಸುತ್ತಿರುವ ಹಾರ್ನ್ ಆಫ್ ದ ಅಬಿಸ್ ಎಂಬ ಮಾಡ್‌ನಲ್ಲಿ ಈಗ 'ಫ್ಯಾಕ್ಟರಿ' ಪಟ್ಟಣ ಇದೆ. ಕೋವಿಕಾರರು, ಸತ್ತಾಗ ಸ್ಫೋಟಿಸುವ ಆಟೊಮ್ಯಾಟನ್‌ಗಳು, ಯಂತ್ರ ರಿಪೇರಿ ಮಾಡುವ ಇಂಜಿನಿಯರ್‌ಗಳು, ಕೊನೆಯ ಹಂತದಲ್ಲಿ ಡ್ರೆಡ್‌ನಾಟ್ ಎಂಬ ದೈತ್ಯ ಯಂತ್ರ. ಜನ ಖುಷಿಯಿಂದ ಆಡುತ್ತಿದ್ದಾರೆ. ಇದು ಫೋರ್ಜ್‌ನಷ್ಟು ಮುಂದೆ ಹೋಗಿಲ್ಲ, ಲೇಸರ್ ಇಲ್ಲ, ಎಲ್ಲ ಉಗಿ ಮತ್ತು ಕಬ್ಬಿಣ, ಅದು ನಿಜ. ಆದರೂ ರಿಪೇರಿ, ಸ್ಫೋಟ ಇಂಥ ನಿಯಮಗಳಿಂದಾಗಿ ಆ ಪಟ್ಟಣವನ್ನು ಆಡುವ ರೀತಿಯೇ ಬೇರೆ. ನನ್ನ ಲೆಕ್ಕದಲ್ಲಿ ಜನ ಒಪ್ಪಿಕೊಂಡಿದ್ದು ಅದಕ್ಕೇ.

ಲೇಸರ್ ಗನ್‌ಗೂ ಫೈರ್‌ಬಾಲ್‌ಗೂ ಆಟದಲ್ಲಿ ವ್ಯತ್ಯಾಸ ಏನಿರಬೇಕು? ಎರಡೂ ದೂರದಿಂದ ಸುಡೋದೇ ಅಲ್ವಾ?

ಇಡೀ ವಿಷಯದ ಜೀವಾಳ ಈ ಪ್ರಶ್ನೆಯಲ್ಲಿದೆ. ತಂತ್ರಜ್ಞಾನಕ್ಕೆ ತನ್ನದೇ ಜಮಾಖರ್ಚು ಇರಬೇಕು. ಮಂತ್ರಕ್ಕೆ ಬಳಸುವ ಅದೇ ಮನ (mana, ಮಂತ್ರ ಹಾಕಲು ಖರ್ಚಾಗುವ ಶಕ್ತಿ), ಅದೇ ಡ್ಯಾಮೇಜ್, ಅದೇ ದೂರ ಇಟ್ಟು ಚಿತ್ರ ಮಾತ್ರ ಬದಲಾಯಿಸಿದರೆ ಅದು ವೇಷ ಅಷ್ಟೇ. ವಾರ್‌ಕ್ರಾಫ್ಟ್ 2ರಲ್ಲಿ ಮನುಷ್ಯರ ಕಡೆ ಸಬ್‌ಮರೀನ್, ಓರ್ಕ್‌ಗಳ ಕಡೆ ದೈತ್ಯ ಆಮೆ. ಒಳಗಿನ ಅಂಕಿಗಳು ಎರಡಕ್ಕೂ ಒಂದೇ. ಒಂದು ಯಂತ್ರ, ಒಂದು ಪ್ರಾಣಿ, ಆದರೆ ಆಡುವಾಗ ಬೆರಳಿಗೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ವ್ಯತ್ಯಾಸ ತರಲು ದೊಡ್ಡ ನಿಯಮಗಳೇ ಬೇಕಿಲ್ಲ. ಉಚಿತವಾಗಿ ಸಿಗುವ ಬ್ಯಾಟಲ್ ಫಾರ್ ವೆಸ್ನಾತ್ ನೋಡಿ. ಎಲ್ಫ್ ಬಿಲ್ಲುಗಾರ ಒಂದು ದಾಳಿಯಲ್ಲಿ ನಾಲ್ಕು ಬಾಣ ಬಿಡುತ್ತಾನೆ, ಒಂದೊಂದಕ್ಕೆ 5 ಡ್ಯಾಮೇಜ್. ಡ್ವಾರ್ಫ್ ಥಂಡರರ್ ಕೋವಿಯಿಂದ ಒಂದೇ ಗುಂಡು ಹಾರಿಸುತ್ತಾನೆ, 18 ಡ್ಯಾಮೇಜ್. ಎರಡೂ ಚುಚ್ಚುವ ಬಗೆಯ ದಾಳಿ, ಹಾಗಾಗಿ ಹೋಲಿಕೆ ಸುಲಭ. ಎದುರಾಳಿಗೆ ತಗಲುವ ಸಾಧ್ಯತೆ 60% ಅಂತಿಟ್ಟುಕೊಳ್ಳಿ. ಸರಾಸರಿ ತೆಗೆದರೆ ಬಿಲ್ಲುಗಾರ 12, ಕೋವಿಕಾರ 10.8. ಕಾಗದದ ಮೇಲೆ ಬಿಲ್ಲೇ ಮೇಲು.

ಈಗ ಎದುರಾಳಿಯ ಜೀವ 18 ಉಳಿದಿದೆ ಅನ್ನಿ. ಬಿಲ್ಲುಗಾರ ಕೊಲ್ಲಬೇಕಾದರೆ ನಾಲ್ಕೂ ಬಾಣ ತಗಲಬೇಕು, ಆ ಸಾಧ್ಯತೆ ಸುಮಾರು 13%. ಕೋವಿಕಾರನಿಗೆ ಒಂದು ಗುಂಡು ತಗುಲಿದರೆ ಸಾಕು, 60%. ಅದೇ ಎದುರಾಳಿಗೆ ಬರೀ 5 ಉಳಿದಿದ್ದರೆ? ಬಿಲ್ಲುಗಾರ 97% ಕೊಂದೇ ಬಿಡುತ್ತಾನೆ, ಕೋವಿಕಾರ ಅದೇ 60%ಕ್ಕೆ ನಿಂತಿರುತ್ತಾನೆ. ಹಾಗಾಗಿ ಆಟಗಾರ ತಾನಾಗಿಯೇ ಯೋಚಿಸಲು ಶುರುಮಾಡುತ್ತಾನೆ: ಇನ್ನೂ ಗಟ್ಟಿಯಾಗಿರುವವನನ್ನು ಕೆಡವಲು ಕೋವಿ, ಅರೆಜೀವ ಆದವನನ್ನು ಮುಗಿಸಲು ಬಿಲ್ಲು. ಹೊಸ ರಿಸೋರ್ಸ್ ಇಲ್ಲ, ಹೊಸ ಬಟನ್ ಇಲ್ಲ. ಎರಡೇ ಅಂಕಿಯಲ್ಲಿ ಬೇರೆ ಆಯುಧ ಅನ್ನುವ ಅನುಭವ ಬಂತು.

ಅಂಕಿ ಬಿಟ್ಟರೆ ಇನ್ಯಾವ ವ್ಯತ್ಯಾಸ ಇಡಬಹುದು?

ಬೇಕಾದಷ್ಟಿವೆ. ಮಂತ್ರ ಮನದಿಂದ ನಡೆದರೆ ಯಂತ್ರ ಇಂಧನದಿಂದ ನಡೆಯಲಿ. ಮಾಂತ್ರಿಕನ ಶಾಪವನ್ನು ಇನ್ನೊಬ್ಬ ಮಾಂತ್ರಿಕ ತೆಗೆಯಬಹುದು, ಸಿಡಿದ ಗುಂಡನ್ನು ಯಾರು ವಾಪಸ್ ಕರೆಯುತ್ತಾರೆ? ರೋಬೋಗೆ ಹೆದರಿಕೆ ಇಲ್ಲ, ಹಾಗಾಗಿ ಮೊರಾಲ್ (ಸೈನ್ಯದ ಧೈರ್ಯ) ಬೀಳುವುದಿಲ್ಲ. ಹುರುಪು ತುಂಬುವ ಮಂತ್ರದಿಂದ ಅದಕ್ಕೆ ಲಾಭವೂ ಇಲ್ಲ. ಪೂಜಾರಿ ಅದರ ಗಾಯ ವಾಸಿ ಮಾಡಲಾರ, ರಿಪೇರಿಯವನು ಬೇಕು. ಇಂಥದ್ದರಲ್ಲಿ ಒಂದೋ ಎರಡೋ ಆರಿಸಿಕೊಂಡು ಇಡೀ ಗೇಮ್‌ನಲ್ಲಿ ಕಟ್ಟುನಿಟ್ಟಾಗಿ ಪಾಲಿಸಿ. ಎಲ್ಲವನ್ನೂ ತುರುಕಿದರೆ ಆಟಗಾರ ಟೂಲ್‌ಟಿಪ್ ಓದುತ್ತಲೇ ಸುಸ್ತಾಗುತ್ತಾನೆ.

ನನಗೆ ಇವುಗಳಲ್ಲಿ ಅಚ್ಚುಮೆಚ್ಚು ರಿಪೇರಿ ನಿಯಮ. ಅದೊಂದರಿಂದಲೇ ಸೈನ್ಯದ ನಡಿಗೆ ಬದಲಾಗುತ್ತದೆ. ಯಂತ್ರದ ಹಿಂದೆ ಇಂಜಿನಿಯರ್ ಬರಬೇಕು, ಅವನನ್ನು ಕಾಯಲು ಇನ್ನಿಬ್ಬರು ಬೇಕು, ಎದುರಾಳಿ ಯಂತ್ರ ಬಿಟ್ಟು ಅವನನ್ನೇ ಬೇಟೆಯಾಡಬಹುದು.

ಯಂತ್ರ ಆಗಾಗ ಕೆಟ್ಟುಹೋಗೋ ಹಾಗೆ ಮಾಡಿದರೆ ಬ್ಯಾಲೆನ್ಸ್ ಆಗಲ್ವಾ?

ಆಗುತ್ತದೆ, ಆಟಗಾರ ಬೈದುಕೊಳ್ಳುತ್ತಾನೆ ಅಷ್ಟೇ. ಹತ್ತಕ್ಕೊಂದು ಸಲ ಕೋವಿ ಕೈಯಲ್ಲೇ ಸಿಡಿಯೋದು ಮೇಜಿನ ಮೇಲೆ ಗೆಳೆಯರ ಜೊತೆ ದಾಳ ಉರುಳಿಸುವಾಗ ನಗು ತರಿಸುತ್ತದೆ. ವಾರ್‌ಹ್ಯಾಮರ್ ಎಂಬ ಮೇಜಿನಾಟದ ಇಲಿಮನುಷ್ಯರಾದ ಸ್ಕೇವನ್‌ಗಳ ಆಕರ್ಷಣೆಯಲ್ಲಿ ಅರ್ಧಪಾಲು ಅದೇ. ಒಬ್ಬನೇ ಕೂತು ಅರ್ಧ ಗಂಟೆ ಯೋಜನೆ ಹಾಕಿದ ದಾಳಿ ಹಾಗೆ ಹಾಳಾದರೆ ನಗು ಬರುವುದಿಲ್ಲ, ಲೋಡ್ ಬಟನ್ ಮೇಲೆ ಕೈ ಹೋಗುತ್ತದೆ. ಅದಕ್ಕಿಂತ ಮೊದಲೇ ಗೊತ್ತಾಗುವ ಮಿತಿ ಒಳ್ಳೆಯದು. ಮೂರು ಸಲ ಹಾರಿಸಿದರೆ ಬಿಸಿಯಾಗಿ ಒಂದು ಟರ್ನ್ ಕೂರುತ್ತದೆ ಅಂತಿಟ್ಟರೆ, ಯಾವಾಗ ಹಾರಿಸಬೇಕು ಅನ್ನೋದೇ ಆಟವಾಗುತ್ತದೆ.

ಮ್ಯಾಜಿಕ್ ಮತ್ತು ತಂತ್ರಜ್ಞಾನ ಒಂದಕ್ಕೊಂದು ಎಣ್ಣೆ-ಸೀಗೆಕಾಯಿ ಆಗಿರಲೇಬೇಕಾ?

ಇರಲೇಬೇಕು ಅಂತಿಲ್ಲ. ಇದ್ದರೆ ಒಳ್ಳೆಯ ಆಟ ಸಿಗುತ್ತದೆ. 2001ರ ಆರ್ಕೇನಮ್ ಇದಕ್ಕೆ ಒಳ್ಳೆ ಉದಾಹರಣೆ, ಅದು ಆರ್‌ಪಿಜಿ ಆದರೂ. ಅಲ್ಲಿ ಪಾತ್ರ ಮ್ಯಾಜಿಕ್ ಕಡೆ ಹೋದಷ್ಟೂ ಯಂತ್ರಗಳು ಅದರ ಕೈಯಲ್ಲಿ ಕೆಲಸ ಮಾಡುವುದಿಲ್ಲ, ತಂತ್ರಜ್ಞಾನದ ಕಡೆ ಹೋದಷ್ಟೂ ಮಂತ್ರ ತಾಗುವುದಿಲ್ಲ, ವಾಸಿ ಮಾಡುವ ಮಂತ್ರ ಕೂಡ. ಪ್ರಬಲ ಮಾಂತ್ರಿಕನನ್ನು ರೈಲಿನ ಇಂಜಿನ್ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಒಂದೇ ಮಾಪಕ, ಎರಡು ತುದಿ.

ಇದನ್ನು ಸ್ಟ್ರಾಟಜಿಗೆ ತರುವಾಗ ಒಬ್ಬ ಪಾತ್ರದ ಬದಲು ಜಾಗಕ್ಕೆ ಅಂಟಿಸಿ ನೋಡಿ. ಮಾಂತ್ರಿಕ ನಿಂತ ಹೆಕ್ಸ್‌ನ (ಮ್ಯಾಪ್‌ನ ಆರು ಮೂಲೆಯ ಮನೆ) ಅಕ್ಕಪಕ್ಕ ಯಂತ್ರ ಮಂದವಾಗಲಿ, ಯಂತ್ರದ ಅಕ್ಕಪಕ್ಕ ಮಂತ್ರದ ಖರ್ಚು ಏರಲಿ. ಆಗ ಎರಡನ್ನೂ ಇಟ್ಟುಕೊಂಡ ಸೈನ್ಯ ಅಗಲವಾಗಿ ಹರಡಿಕೊಳ್ಳಲೇಬೇಕು, ಹರಡಿಕೊಂಡರೆ ಕುದುರೆ ಸವಾರರು ನಡುವೆ ನುಗ್ಗುತ್ತಾರೆ. ಮ್ಯಾಪ್ ಮೇಲಿನ ಜಾಗಕ್ಕೆ ಬೆಲೆ ಬಂತು ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

ಇದರ ಪೂರ್ತಿ ವಿರುದ್ಧ ದಾರಿಯೂ ಇದೆ: ಎರಡೂ ಒಂದೇ ಅನ್ನುವುದು. ಅದಕ್ಕೆ ಕೆಳಗಿನ ಎಂಡ್‌ಲೆಸ್ ಲೆಜೆಂಡ್ ನೋಡಿ.

ಚೆನ್ನಾಗಿ ಬೆರೆಸಿದ ಗೇಮ್ ಯಾವುದು? ಹೆಸರು ಹೇಳಿ.

ನನ್ನ ಮೊದಲ ಆಯ್ಕೆ 2014ರ ಎಂಡ್‌ಲೆಸ್ ಲೆಜೆಂಡ್. ನೋಡಲು ಅಪ್ಪಟ ಫ್ಯಾಂಟಸಿ. ಆದರೆ ಔರಿಗಾ ಎಂಬ ಆ ಗ್ರಹ ಎಂಡ್‌ಲೆಸ್ ಎಂಬ ಹಳೆಯ ಜನಾಂಗದ ಪ್ರಯೋಗಶಾಲೆಯಾಗಿತ್ತು. ಎಲ್ಲರೂ ಹಣವಾಗಿ ಬಳಸುವ 'ಡಸ್ಟ್' ಅವರು ಬಿಟ್ಟುಹೋದ ನ್ಯಾನೊ ಯಂತ್ರಗಳ ಪುಡಿ. ಜನರ ಪಾಲಿಗೆ ಅದೇ ಮಾಯೆ. ಬ್ರೋಕನ್ ಲಾರ್ಡ್ಸ್ ಪಂಗಡದವರು ರಕ್ಷಾಕವಚದೊಳಗೆ ಉಳಿದ ಆತ್ಮಗಳು, ಅವರಿಗೆ ಆಹಾರ ಬೇಡ, ಜನಸಂಖ್ಯೆಯನ್ನೇ ಡಸ್ಟ್ ಕೊಟ್ಟು ಬೆಳೆಸುತ್ತಾರೆ. ವಾಲ್ಟರ್ಸ್ ಪಂಗಡದವರು ಕೆಡೆದ ನೌಕೆಯಲ್ಲಿ ಬಂದವರ ವಂಶದವರು, ಅವರ ಸೈನ್ಯ ನಗರದಿಂದ ನಗರಕ್ಕೆ ಟೆಲಿಪೋರ್ಟ್ ಆಗಬಲ್ಲದು. ಕಥೆಯ ಹಿನ್ನೆಲೆ ನೇರವಾಗಿ ನಿಯಮಕ್ಕೆ ಇಳಿದಿದೆ, ನೋಡಿ. ಓದದೆ ಆಡಿದರೂ ಈ ಜನ ಬೇರೆ ಅಂತ ಗೊತ್ತಾಗುತ್ತದೆ.

ಎರಡನೆಯದು 2006ರ ರೈಸ್ ಆಫ್ ಲೆಜೆಂಡ್ಸ್, ಅಷ್ಟಾಗಿ ಜನ ನೆನಪಿಟ್ಟುಕೊಳ್ಳದ ಆರ್‌ಟಿಎಸ್ (ಟರ್ನ್ ಇಲ್ಲದೆ ಒಟ್ಟಿಗೇ ಆಡುವ ಸ್ಟ್ರಾಟಜಿ). ವಿಂಚಿಗಳದ್ದು ಉಗಿ ಮತ್ತು ಗಡಿಯಾರದ ಯಂತ್ರ, ಅಲಿನ್‌ರದ್ದು ಮರಳು, ಬೆಂಕಿ, ಗಾಜಿನ ಮ್ಯಾಜಿಕ್, ಕುವಾಟ್ಲ್‌ಗಳದ್ದು ದೇವರೆಂದು ಪೂಜಿಸಿಕೊಳ್ಳುವ ಏಲಿಯನ್‌ಗಳ ತಂತ್ರಜ್ಞಾನ. ಮೂರೂ ಒಂದೇ ಮ್ಯಾಪ್‌ನಲ್ಲಿ. ಉಳಿದಿಬ್ಬರು ಸಂಪತ್ತು ಕೂಡಿಸುತ್ತಿದ್ದರೆ ಕುವಾಟ್ಲ್‌ಗಳು ಅದರ ಬದಲು ಶಕ್ತಿ ಉತ್ಪಾದಿಸಿಕೊಂಡು ನಡೆಯುತ್ತಾರೆ. ಬೇರೆ ಜಮಾಖರ್ಚು ಅಂದೆನಲ್ಲ, ಅದು ಇದೇ.

ಹೊಸದರಲ್ಲಿ ಏಜ್ ಆಫ್ ವಂಡರ್ಸ್ 4ಕ್ಕೆ 2023ರಲ್ಲಿ ಬಂದ ಎಂಪೈರ್ಸ್ ಅಂಡ್ ಆ್ಯಶಸ್ ನೋಡಬಹುದು. ಅದರ ರೀವರ್ ಜನಕ್ಕೆ ಮಂತ್ರ ಬೆರೆತ ಕೋವಿಗಳಿವೆ.

ಮುಂದುವರಿದ ತಂತ್ರಜ್ಞಾನ ಮಾಯೆಯ ಹಾಗೇ ಕಾಣುತ್ತೆ ಅಂತಾರೆ. ಮತ್ತೆ ಬೇರೆ ಮಾಡೋದ್ಯಾಕೆ?

ಆ ಲೋಕದ ಹಳ್ಳಿಯವನಿಗೆ ಹಾಗೆ ಕಾಣಲಿ. ಟರ್ನ್ ಆಡುತ್ತಿರುವ ನಿಮಗೆ ಕಂಡರೆ ಕಷ್ಟ. ಎದುರಾಳಿಯ ಕೈಯಲ್ಲಿರೋದು ದಂಡವೋ ಬ್ಲಾಸ್ಟರೋ ಗೊತ್ತಾಗದೆ ಯಾವ ರಕ್ಷಣೆ ಹೂಡುತ್ತೀರಿ?

ಆಕಾಶದಿಂದ ಬಾಂಬ್ ಹಾಕೋ ಆಯುಧ ಕೊಟ್ಟರೆ ಆಟ ಕೆಡುತ್ತಾ?

ಗಾಬ್ಲಿನ್ ಗುಂಪಿನ ಮೇಲೆ ಉಪಗ್ರಹದ ಕಿರಣ ಬಿಟ್ಟರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಮೊದಲ ಸಲ ಭಾರೀ ಮಜಾ. ಪ್ರತಿ ಟರ್ನ್ ಮಾಡಬಹುದು ಅಂದರೆ ಉಳಿದ ಸೈನ್ಯಕ್ಕೆ ಕೆಲಸವೇ ಇಲ್ಲ.

ಟೋಟಲ್ ವಾರ್: ವಾರ್‌ಹ್ಯಾಮರ್ 2ಕ್ಕೆ 2019ರಲ್ಲಿ ಬಂದ ಇಕಿಟ್ ಕ್ಲಾ ಎಂಬ ಸ್ಕೇವನ್ ನಾಯಕ ಇದಕ್ಕೊಂದು ದಾರಿ ತೋರಿಸಿದ್ದಾನೆ. ಅವನ ವರ್ಕ್‌ಶಾಪ್‌ನಲ್ಲಿ ಡೂಮ್‌ರಾಕೆಟ್ ಅನ್ನುವ ಅಣುಬಾಂಬಿನಂಥ ಆಯುಧ ತಯಾರಾಗುತ್ತದೆ. ಅದನ್ನು ಯುದ್ಧಕ್ಕೆ ಮೊದಲೇ ಮಾಡಿಟ್ಟುಕೊಂಡಿರಬೇಕು. ಹಾರಿಸಿದರೆ ಮುಗಿಯಿತು, ಇನ್ನೊಂದು ಬೇಕಾದರೆ ಮತ್ತೆ ಮಾಡಬೇಕು. ಇಂಥ ಆಯುಧದ ನಿಜವಾದ ಆಟ ಹಾರಿಸುವುದರಲ್ಲಿಲ್ಲ, ಹಾರಿಸದೆ ತಡೆದುಕೊಳ್ಳುವುದರಲ್ಲಿದೆ. ಈ ಯುದ್ಧಕ್ಕೇ ಖರ್ಚು ಮಾಡಲಾ, ಮುಂದಿನ ಕೋಟೆಗೆ ಇಟ್ಟುಕೊಳ್ಳಲಾ ಅಂತ ಕೈ ಹೊಸಕಿಕೊಳ್ಳುವಂತೆ ಆಗಬೇಕು. ಆಮೇಲೆ, ಎದುರಾಳಿಗೆ ಒಂದು ಟರ್ನ್ ಮುಂಚೆ ಸೂಚನೆ ಸಿಗುವಂತೆ ಮಾಡಿದರೆ ಮಲ್ಟಿಪ್ಲೇಯರ್‌ನಲ್ಲಿ ಜಗಳ ಕಡಿಮೆ.

ಮಂತ್ರಕ್ಕೆ ಒಂದು ಸಂಶೋಧನೆ, ಯಂತ್ರಕ್ಕೆ ಒಂದು ಟೆಕ್ ಟ್ರೀ (ಒಂದಾದ ಮೇಲೊಂದು ಕಲಿಯುವ ತಂತ್ರಜ್ಞಾನಗಳ ಮರ), ಎರಡೂ ಇಡಬೇಕಾ?

ಬೇಡ ಅಂತ ನನ್ನ ಅಭಿಪ್ರಾಯ. ಸಿಮ್‌ಟೆಕ್ಸ್ ಕಂಪನಿ 1993ರಲ್ಲಿ ಮಾಸ್ಟರ್ ಆಫ್ ಓರಿಯನ್, 1994ರಲ್ಲಿ ಮಾಸ್ಟರ್ ಆಫ್ ಮ್ಯಾಜಿಕ್ ಮಾಡಿತು. ಒಂದು ಬಾಹ್ಯಾಕಾಶ, ಒಂದು ಮ್ಯಾಜಿಕ್. ಎರಡನ್ನೂ ಅಕ್ಕಪಕ್ಕ ಇಟ್ಟು ಆಡಿದರೆ ಸಂಶೋಧನೆ ಎಷ್ಟು ಬೇರೆ ಅನ್ನಿಸುತ್ತದೆ ಗೊತ್ತಾ? ಮ್ಯಾಜಿಕ್‌ನಲ್ಲಿ ನಿಮ್ಮ ಶಕ್ತಿಯನ್ನು ಮನ, ಸಂಶೋಧನೆ, ಮಂತ್ರ ಪ್ರಯೋಗಿಸುವ ಕೌಶಲ ಈ ಮೂರಕ್ಕೆ ಪಾಲು ಹಾಕಬೇಕು. ಇವತ್ತು ಮಂತ್ರ ಹಾಕಿದರೆ ನಾಳಿನ ಕಲಿಕೆಗೆ ಕತ್ತರಿ. ಆ ಎಳೆದಾಟವೇ ಮಾಂತ್ರಿಕನಾದ ಅನುಭವ ಕೊಡುವುದು. ಅದರ ಪಕ್ಕ ಇನ್ನೊಂದು ಮರ ನೆಟ್ಟರೆ ಎರಡು ಪ್ರೋಗ್ರೆಸ್ ಬಾರ್ ಸಿಗುತ್ತದೆ, ಬೇರೇನೂ ಇಲ್ಲ.

ಯಂತ್ರ ಸಂಶೋಧನೆಯಿಂದ ಬರದಿರಲಿ, ಮ್ಯಾಪ್‌ನಿಂದ ಬರಲಿ. ಪಾಳುಬಿದ್ದ ನೌಕೆ ಒಂದು ಕಡೆ ಇದೆ, ಅಗೆದರೆ ಬಿಡಿಭಾಗ ಸಿಗುತ್ತದೆ, ಆ ಜಾಗ ಹಿಡಿದವನಿಗೆ ಯಂತ್ರ. ಈಗ ಆ ಮೂಲೆಗಾಗಿ ಯುದ್ಧ ನಡೆಯುತ್ತದೆ. ಮಂತ್ರ ತಲೆಯಲ್ಲಿ ಬೆಳೆಯುವುದು, ಯಂತ್ರ ನೆಲದಲ್ಲಿ ಸಿಗುವುದು ಅಂತ ಆಟಗಾರನಿಗೆ ಯಾರೂ ಹೇಳಿಕೊಡಬೇಕಾಗಿಯೇ ಇಲ್ಲ.

ಸೈ-ಫೈ ಗುಟ್ಟನ್ನು ಕಥೆಯಲ್ಲಿ ಯಾವಾಗ ಬಿಚ್ಚಿಡಬೇಕು?

ಗುಟ್ಟು ಕೊನೆಗೆ, ಸುಳಿವು ಮೊದಲ ಮಿಷನ್‌ನಲ್ಲೇ. ಸುಳಿವು ಅಂದರೆ ಉದ್ದುದ್ದ ಡೈಲಾಗ್ ಅಲ್ಲ. ತುಕ್ಕು ಹಿಡಿಯದ ಲೋಹದ ಬಾಗಿಲು, ಮುಟ್ಟಿದರೆ ಬೆಚ್ಚಗಿರುವ ಗೋಪುರ, ಯಾವ ಮಂತ್ರಕ್ಕೂ ಜಗ್ಗದ 'ಕಾವಲು ಮೂರ್ತಿ'. ಆಟಗಾರ ಪಕ್ಕದಲ್ಲೇ ನಡೆದುಹೋಗಿರುತ್ತಾನೆ. ಹತ್ತನೇ ಮಿಷನ್‌ನಲ್ಲಿ ಬಾಗಿಲು ತೆರೆದಾಗ 'ಓ, ಅದಾ!' ಅನ್ನಬೇಕು, 'ಇದೆಲ್ಲಿಂದ ಬಂತು' ಅನ್ನಬಾರದು.

ಹೆಸರಿಡುವಾಗಲೂ ಆ ಲೋಕದವರ ಬಾಯಲ್ಲೇ ಹೇಳಿಸಿ. ಕ್ರೀಗನ್‌ಗಳನ್ನು ಜನ ಡೆವಿಲ್ ಅಂದರಲ್ಲ, ಹಾಗೆ. ಡ್ರೋನ್ ನೋಡಿದ ಕಾವಲುಗಾರ 'ಡ್ರೋನ್' ಅನ್ನಬಾರದು, 'ಗುಂಯ್‌ಗುಡುವ ಕಣ್ಣು' ಅಂತಾನೇನೋ. ಯೂನಿಟ್‌ನ ವಿವರಣೆಯಲ್ಲಿ 'ಪ್ಲಾಸ್ಮಾ', 'ಕ್ವಾಂಟಮ್' ಅಂತೆಲ್ಲ ಬರೆದಿರೋ ಮಾಡ್ ಕಂಡರೆ ನನಗಂತೂ ಅಲ್ಲಿಗೇ ಉತ್ಸಾಹ ಇಳಿದುಹೋಗುತ್ತದೆ.

ತಂತ್ರಜ್ಞಾನ ಒಂದೇ ಪಂಗಡಕ್ಕೆ ಕೊಡಲಾ, ಎಲ್ಲರಿಗೂ ಕೊಡಲಾ?

ಮೊದಲ ಸಲ ಮಾಡುವವರಿಗೆ ಒಂದೇ ಪಂಗಡ ಸಾಕು. ಬ್ಯಾಲೆನ್ಸ್ ಮಾಡಲು ಸುಲಭ, ಇಷ್ಟ ಇಲ್ಲದವರು ಆ ಪಂಗಡ ಬಿಟ್ಟು ಆಡಬಹುದು. ಎಲ್ಲರಿಗೂ ಕೊಟ್ಟರೆ ಕೊನೆಗೆ ಎಲ್ಫ್ ಸೈನ್ಯವೂ ಡ್ವಾರ್ಫ್ ಸೈನ್ಯವೂ ಒಂದೇ ಥರ ಕಾಣತೊಡಗುತ್ತದೆ.

ನೋಟ ಹೊಂದಿಸೋದು ಹೇಗೆ? ಟ್ಯಾಂಕ್ ಪಕ್ಕ ಯೂನಿಕಾರ್ನ್ ವಿಚಿತ್ರವಾಗಿ ಕಾಣುತ್ತೆ.

ವಿಚಿತ್ರವಾಗಿ ಕಾಣಲಿ ಬಿಡಿ, ಅದಕ್ಕೇ ತಾನೇ ಬೆರೆಸಿದ್ದು? ಆದರೆ ಬಣ್ಣ ಮತ್ತು ಸವೆತ ಒಂದೇ ಲೋಕದ್ದಾಗಿರಲಿ. ಫಳಫಳ ಹೊಳೆಯುವ ಬಿಳಿ ಲೋಹಕ್ಕಿಂತ ಪಾಚಿ ಕಟ್ಟಿದ, ಹಗ್ಗ ಬಿಗಿದ, ಮೇಲೊಂದು ಬಾವುಟ ಸಿಕ್ಕಿಸಿದ ಯಂತ್ರ ಬೇಗ ಹೊಂದಿಕೊಳ್ಳುತ್ತದೆ. ದೂರದಿಂದ ಆಕಾರ ನೋಡಿದರೇ ಯಂತ್ರ ಅಂತ ಗೊತ್ತಾಗಬೇಕು. ಸದ್ದಿಗೂ ಗಮನ ಕೊಡಿ, ಬಹಳ ಜನ ಮರೆಯುತ್ತಾರೆ.

ಕಂಪ್ಯೂಟರ್ ಎದುರಾಳಿಗೆ ಇದನ್ನೆಲ್ಲ ಆಡೋಕೆ ಬರುತ್ತಾ?

ಕಷ್ಟ. ಎಷ್ಟೋ ಗೇಮ್‌ಗಳ ಎಐ ಸೈನ್ಯದ ಬಲವನ್ನು ಒಂದೇ ಸಂಖ್ಯೆಗೆ ಇಳಿಸಿ ನೋಡುತ್ತದೆ. ಇಂಧನ ಖಾಲಿಯಾದ ಟ್ಯಾಂಕೂ ಅದರ ಕಣ್ಣಿಗೆ ಬಲಶಾಲಿಯೇ. ಅಪರೂಪದ ಆಯುಧವನ್ನು ಮೊದಲ ಗಾಬ್ಲಿನ್ ಮೇಲೇ ಖರ್ಚು ಮಾಡುತ್ತದೆ, ಇಲ್ಲಾ ಸಾಯುವ ತನಕ ಮುಟ್ಟುವುದೇ ಇಲ್ಲ. ಮಾಡ್ ಮಾಡುವವರು ಎಐ ಕೈಗೆ ಸರಳ ರೂಪ ಕೊಡಿ: ಇಂಧನದ ಲೆಕ್ಕ ಬೇಡ, ಬದಲಿಗೆ ಯಂತ್ರಗಳ ಸಂಖ್ಯೆಗೇ ಮಿತಿ. ಇದು ಮೋಸ ಅನ್ನಬೇಡಿ. ಎದುರಾಳಿ ಸರಿಯಾಗಿ ಆಡಿದಂತೆ ಕಂಡರೆ ಸಾಕು.

ಉಲ್ಟಾ ಮಾಡಿದರೆ? ಸೈ-ಫೈ ಗೇಮ್‌ಗೆ ಮ್ಯಾಜಿಕ್?

ಆಗಲೇ ಧಾರಾಳವಾಗಿ ನಡೆದಿದೆ. ವಾರ್‌ಹ್ಯಾಮರ್ 40,000 ಶುರುವಾಗಿದ್ದೇ 1987ರಲ್ಲಿ, ಎಲ್ಫ್, ಓರ್ಕ್‌ಗಳನ್ನು ಬಾಹ್ಯಾಕಾಶಕ್ಕೆ ಕಳಿಸಿ. ಏಜ್ ಆಫ್ ವಂಡರ್ಸ್ ಮಾಡುವ ಟ್ರಯಂಫ್ ಸ್ಟುಡಿಯೋಸ್ 2019ರಲ್ಲಿ ಅದೇ ಚೌಕಟ್ಟನ್ನು ಸೈ-ಫೈಗೆ ಒಯ್ದು ಪ್ಲಾನೆಟ್‌ಫಾಲ್ ಮಾಡಿತು. ಅಲ್ಲಿ ಒಂದೊಂದು ಯೂನಿಟ್‌ಗೆ ಮೂರರವರೆಗೆ 'ಮಾಡ್' (ಇಲ್ಲಿ ಅಂದರೆ ಯೂನಿಟ್‌ಗೆ ಹಾಕುವ ಸಲಕರಣೆ) ಜೋಡಿಸಬಹುದು. ಸೈ-ಫೈ ಕಡೆಯವರು ಇದಕ್ಕೆ ಅಷ್ಟಾಗಿ ಗಲಾಟೆ ಮಾಡುವುದಿಲ್ಲ. 'ಸೈಯಾನಿಕ್' (ಮನಸ್ಸಿನ ಶಕ್ತಿ) ಅಂತ ಹೆಸರಿಟ್ಟರೆ ಯಾವ ಮಂತ್ರವಾದರೂ ನಡೆಯುತ್ತದೆ!

ನಾನೂ ಒಂದು ಮಾಡ್ ಮಾಡಬೇಕು. ಎಲ್ಲಿಂದ ಶುರುಮಾಡಲಿ?

ವೆಸ್ನಾತ್‌ನಿಂದ. ದುಡ್ಡು ಬೇಡ, ಓಪನ್ ಸೋರ್ಸ್, ಯೂನಿಟ್‌ಗಳೆಲ್ಲ ಮಾಮೂಲು ಟೆಕ್ಸ್ಟ್ ಫೈಲ್‌ಗಳು. ಒಂದು ಯೂನಿಟ್‌ನ ಫೈಲ್ ಕಾಪಿ ಮಾಡಿ, ಹೆಸರು, ಅಂಕಿ ಬದಲಾಯಿಸಿದರೆ ಹೊಸ ಯೂನಿಟ್ ರೆಡಿ. ಡ್ಯಾಮೇಜ್‌ನಲ್ಲಿ ಆರು ಬಗೆ ಇವೆ: ಕತ್ತರಿಸುವ, ಚುಚ್ಚುವ, ಜಜ್ಜುವ, ಬೆಂಕಿಯ, ಶೀತದ ಮತ್ತು ಆರ್ಕೇನ್. ಬ್ಲಾಸ್ಟರ್‌ಗೆ ಏಳನೆಯದೊಂದು ಮಾಡಬೇಕು ಅಂತ ಕೈ ತುರಿಸುತ್ತದೆ. ಬೇಡ. ಏಳನೆಯ ಬಗೆ ಬಂದರೆ ಹಳೆಯ ಯೂನಿಟ್‌ಗಳೆಲ್ಲ ಅದನ್ನು ಎಷ್ಟು ತಡೆಯುತ್ತವೆ ಅಂತ ಒಂದೊಂದಾಗಿ ಕೂತು ಬರೆಯಬೇಕು. ಬೆಂಕಿಯ ಬಗೆಯನ್ನೇ ಬಳಸಿ, ಥಂಡರರ್ ಥರ ಏಟುಗಳ ಸಂಖ್ಯೆಯಲ್ಲಿ ಆಟ ಆಡಿ.

ಇಡೀ ಪಂಗಡ ಮಾಡಲು ಹೋಗಬೇಡಿ. ಒಂದು ಸಿನಾರಿಯೋ, ಒಂದು ಪಾಳುನೌಕೆ, ಎರಡು ಯಂತ್ರ. ಚಿತ್ರ ಬರೆಯುವುದು ಕೊನೆಗೆ, ಅಲ್ಲಿವರೆಗೆ ಹಳೆಯ ಚಿತ್ರಕ್ಕೆ ಬೇರೆ ಬಣ್ಣ ಹಚ್ಚಿ ಸಾಗಿಸಿ. ಹೆಸರು ಚಿತ್ರ ಎರಡೂ ಮುಚ್ಚಿಟ್ಟು ಗೆಳೆಯರಿಗೆ ಆಡಲು ಕೊಡಿ. ಯಾವುದು ಯಂತ್ರ ಅಂತ ಆಡುತ್ತಲೇ ಗುರುತಿಸಿದರೆ ಮುಂದುವರಿಯಿರಿ, ಇಲ್ಲದಿದ್ದರೆ ಅಂಕಿಗಳನ್ನು ಇನ್ನೊಮ್ಮೆ ತಿದ್ದಿ.

ಕೊನೇ ಪ್ರಶ್ನೆ: ಟೈಮ್ ಮಷಿನ್ ಹಾಕಬಹುದಾ?

ಇಡೀ ಟರ್ನ್ ಹಿಂದಕ್ಕೆ ತಿರುಗಿಸುವ ಯಂತ್ರ ಬೇಡ. ಸೇವ್ ಮಾಡಿ ಲೋಡ್ ಮಾಡುವವರು ಅದನ್ನು ಆಗಲೇ ಪುಕ್ಕಟೆ ಮಾಡುತ್ತಿದ್ದಾರೆ, ಮಲ್ಟಿಪ್ಲೇಯರ್‌ನಲ್ಲಂತೂ ಯಾರೂ ಒಪ್ಪುವುದಿಲ್ಲ. ಒಂದು ಯೂನಿಟ್ ಮಾತ್ರ ಹಿಂದಿನ ಟರ್ನ್‌ನಲ್ಲಿದ್ದ ಜಾಗಕ್ಕೆ, ಆಗ ಇದ್ದ ಜೀವದೊಂದಿಗೆ ಮರಳುವ ಹಾಗೆ, ಕದನಕ್ಕೆ ಒಂದು ಸಲ ಕೊಟ್ಟು ನೋಡಿ. ಆ ಹೆಕ್ಸ್‌ನಲ್ಲಿ ಅಷ್ಟರಲ್ಲಿ ಬೇರೆ ಯಾರೋ ಬಂದು ನಿಂತಿದ್ದರೆ ಏನಾಗಬೇಕು ಅನ್ನೋದನ್ನು ಮಾತ್ರ ಮೊದಲೇ ತೀರ್ಮಾನಿಸಿಕೊಳ್ಳಿ.